ಬೀಥೋವನ್ನನ ಚೆಲ್ಲೊ ಸೊನಾಟಾಗಳು ಹಳೆಯ ವಾದ್ಯಗಳಲ್ಲಿ

ಪಿಟೀಲಿನ ಬಳಗದ ದೊಡ್ಡ ವಾದ್ಯವಾದ ಚೆಲ್ಲೊ ಮತ್ತು ಪಿಯಾನೋ ಜೊತೆಯಾಗಿ ನುಡಿಸಲೆಂದು ಬೀಥೋವನ್ ಬರೆದ ಸೊನಾಟಾಗಳನ್ನು ಅವನ ಕಾಲದ ವಾದ್ಯಗಳಲ್ಲಿ ನುಡಿಸಿದರೆ ಕೇಳುವವರಿಗೆ ವ್ಯತ್ಯಾಸ ತಿಳಿಯುತ್ತದೆಯೇ, ಅಥವಾ ಅದು ಬರೀ ಹಳತಿನ ಮೋಹವೇ ಎಂದು ಕೇಳಿದ್ದೀರಿ. ಖಂಡಿತ ತಿಳಿಯುತ್ತದೆ. ಎಲ್ಲರ ಗಮನ ಚೆಲ್ಲೊದ ಮೇಲಿರುತ್ತದೆ, ಆದರೆ ಹೆಚ್ಚಿನ ವ್ಯತ್ಯಾಸ ಇರುವುದು ಪಿಯಾನೋದಲ್ಲಿ.

ನಾನು ಹವ್ಯಾಸಿ ಚೆಲ್ಲೊ ವಾದಕ. 1807–08ರಲ್ಲಿ ರಚನೆಯಾದ ಎ ಮೇಜರ್ ಸೊನಾಟಾವನ್ನು (ಓಪಸ್, ಅಂದರೆ ಕೃತಿಸಂಖ್ಯೆ, 69) ಗೆಳತಿಯೊಬ್ಬಳ ಜೊತೆ ವರ್ಷಗಟ್ಟಲೆ ಇಂದಿನ ಗ್ರ್ಯಾಂಡ್ ಪಿಯಾನೋದೊಂದಿಗೆ ನುಡಿಸಿದ್ದೇನೆ. ನನ್ನ ದನಿ ಮುಳುಗದಿರಲೆಂದು ಅವಳು ಪಿಯಾನೋದ ಮುಚ್ಚಳ ಇಳಿಸಿ, ಕೈ ಬಿಗಿಹಿಡಿದು ನುಡಿಸುತ್ತಿದ್ದಳು. ನಾನು ಕಮಾನನ್ನು ತಂತಿಗೆ ಒತ್ತುತ್ತಿದ್ದೆ. ಇಬ್ಬರಿಗೂ ತೃಪ್ತಿಯಿರಲಿಲ್ಲ. ಒಮ್ಮೆ ಹಳೆಯ ವಿಯೆನ್ನಾ ಮಾದರಿಯ ಫೋರ್ಟೆಪಿಯಾನೋ, ಅಂದರೆ ಬೀಥೋವನ್ ಕಾಲದ ಪಿಯಾನೋ, ಸಿಕ್ಕಿತು. ಅದರಲ್ಲಿ ಕಬ್ಬಿಣದ ಚೌಕಟ್ಟಿಲ್ಲ, ಎಲ್ಲವೂ ಮರ. ತೊಗಲು ಸುತ್ತಿದ ಪುಟ್ಟ ಸುತ್ತಿಗೆಗಳು. ಸ್ವರ ಹುಟ್ಟಿದೊಡನೆ ಕ್ಷೀಣಿಸುತ್ತದೆ. ಅವಳು ಪೂರ್ತಿ ಬಲದಿಂದ ನುಡಿಸಿದರೂ ನಾನು ಸ್ಪಷ್ಟವಾಗಿ ಕೇಳಿಸುತ್ತಿದ್ದೆ. ಇಬ್ಬರೂ ಅಳುಕಿಲ್ಲದೆ ನುಡಿಸಿದ್ದು ಅಂದೇ ಮೊದಲು.

ಆ ಸೊನಾಟಾದ ಆರಂಭವನ್ನೇ ಗಮನಿಸಿ. ಚೆಲ್ಲೊ ಒಂಟಿಯಾಗಿ ರಾಗ ಎತ್ತಿ, ಮಂದ್ರದ 'ಇ' ಸ್ವರಕ್ಕಿಳಿದು ಅಲ್ಲೇ ನಿಲ್ಲುತ್ತದೆ. ಅದರ ಮೇಲೆ ಪಿಯಾನೋ ಮಾತು ಮುಂದುವರಿಸುತ್ತದೆ. ದೊಡ್ಡ ಪಿಯಾನೋ ಬಂದರೆ ಆ 'ಇ' ಹಿನ್ನೆಲೆಗೆ ಸರಿದುಬಿಡುತ್ತದೆ. ಫೋರ್ಟೆಪಿಯಾನೋದ ತಿಳಿದನಿಯ ಕೆಳಗೆ ಅದು ಕೊನೆಯವರೆಗೂ ಉಸಿರಾಡುತ್ತಿರುತ್ತದೆ. ಹಳೆಯ ಚೆಲ್ಲೊದ್ದು ಪ್ರಾಣಿಯ ಕರುಳಿನ ತಂತಿಯಾದ್ದರಿಂದ ಆ ಸ್ವರದಲ್ಲಿ ಸಣ್ಣ ಒರಟುತನವೂ ಇರುತ್ತದೆ. ಸಾರಂಗಿ ಕೇಳಿದವರಿಗೆ ಈ ನಾದ ಅಪರಿಚಿತವಲ್ಲ, ಸಾರಂಗಿಯ ಮುಖ್ಯ ತಂತಿಗಳೂ ಕರುಳಿನವೇ.

ಹಳೆಯ ಪಿಯಾನೋದೊಂದಿಗೆ ಚೆಲ್ಲೊ ಹೀಗೆ ಹೊಂದಿಕೊಳ್ಳಲು ಕಾರಣ ಆ ಕೃತಿಗಳ ಹುಟ್ಟಿನಲ್ಲೇ ಇದೆ. 1796ರಲ್ಲಿ ಬರ್ಲಿನ್ನಿನಲ್ಲಿ ಬರೆದ ಮೊದಲ ಎರಡು ಸೊನಾಟಾಗಳ (ಓಪಸ್ 5) ಶೀರ್ಷಿಕೆಯಲ್ಲೇ ಹಾರ್ಪ್ಸಿಕಾರ್ಡ್ (ತಂತಿ ಮೀಟುವ ಹಳೆಯ ಕೀಲಿಮಣೆ ವಾದ್ಯ) ಅಥವಾ ಪಿಯಾನೋಗೆ ಮೊದಲ ಸ್ಥಾನ, ಚೆಲ್ಲೊಗೆ ನಂತರದ್ದು. ಅವು ಅರ್ಪಿತವಾದ ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್ ವಿಲ್ಹೆಲ್ಮ್ ಸ್ವತಃ ಚೆಲ್ಲೊ ವಾದಕ. ಆದರೂ ಪಿಯಾನೋಗೆ ಬೀಥೋವನ್ ಅಷ್ಟೊಂದು ಸ್ವರ ಬರೆದ. ಅಂದಿನ ಪಿಯಾನೋ ಚೆಲ್ಲೊವನ್ನು ಮುಳುಗಿಸುವುದಿಲ್ಲ ಎಂಬ ಧೈರ್ಯದಿಂದಲೇ ಹಾಗೆ ಬರೆದನೆಂದು ನನ್ನ ನಂಬಿಕೆ.

ತೊಂದರೆಗಳೂ ಇವೆ. ಗಾಳಿಯ ತೇವ ಏರಿದರೆ ಕರುಳಿನ ತಂತಿಯ ಶ್ರುತಿ ಜಾರುತ್ತದೆ, ಬಿರಡೆ ತಿರುವಲು ನಡುನಡುವೆ ನಿಲ್ಲಬೇಕಾಗುತ್ತದೆ. ದೊಡ್ಡ ಸಭಾಂಗಣದ ಹಿಂದಿನ ಸಾಲಿಗೆ ದನಿ ತಲುಪುವುದಿಲ್ಲ. ಇವನ್ನು ಚಿಕ್ಕ ಕೋಣೆಯಲ್ಲೇ ಕೇಳಬೇಕು.

ಧ್ವನಿಮುದ್ರಣ ಬೇಕಿದ್ದರೆ ಆನರ್ ಬಿಲ್ಸ್ಮಾ ಮತ್ತು ಮಾಲ್ಕಮ್ ಬಿಲ್ಸನ್ ಜೋಡಿಯದನ್ನು, ನಂತರ ಸ್ಟೀವನ್ ಇಸ್ಸರ್ಲಿಸ್ ಮತ್ತು ರಾಬರ್ಟ್ ಲೆವಿನ್ ಜೋಡಿಯದನ್ನು ಕೇಳಿ. ಎರಡರಲ್ಲೂ ಫೋರ್ಟೆಪಿಯಾನೋ ಇದೆ. ಎರಡರಲ್ಲೂ ಮೊದಲು ಆ ಮಂದ್ರದ 'ಇ' ಎಷ್ಟು ಹೊತ್ತು ಕೇಳಿಸುತ್ತದೆ ನೋಡಿ.