ಓದುಗರ ಪ್ರಶ್ನೆ, ನಮ್ಮ ಉತ್ತರ: ಹಲವು ದೇಶಗಳ ಯುದ್ಧನೌಕೆಗಳು ಒಂದೇ ಕಡಲಲ್ಲಿ ಸೇರಿದಾಗ

ಬಹುರಾಷ್ಟ್ರೀಯ ನೌಕಾ ಸಮರಾಭ್ಯಾಸಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಟಿಪ್ಪಣಿಯನ್ನು ಓದಿ ಶಿವಮೊಗ್ಗ ಜಿಲ್ಲೆಯಿಂದಲೂ ಮಲೆನಾಡಿನ ಬೇರೆ ಊರುಗಳಿಂದಲೂ ಹಲವರು ಪತ್ರ ಬರೆದಿದ್ದಾರೆ. ಅವುಗಳಲ್ಲಿ ಕೆಲವನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಸಹ್ಯಾದ್ರಿ ಎಂಬ ಹೆಸರಿನ ಯುದ್ಧನೌಕೆ ಇದೆಯೆಂದು ನಿಮ್ಮ ಟಿಪ್ಪಣಿಯಲ್ಲಿ ಓದಿದೆ. ಅದು ನಮ್ಮ ಘಟ್ಟದ ಹೆಸರೇ? ಆ ಹಡಗು ಎಲ್ಲೆಲ್ಲಿ ಹೋಗಿ ಬಂದಿದೆ? (ತೀರ್ಥಹಳ್ಳಿಯ ಓದುಗರು)

ಉತ್ತರ: ನಮ್ಮ ಘಟ್ಟದ ಹೆಸರೇ. ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಲಾದ ಒಂದೇ ವರ್ಗದ ಮೂರು ಫ್ರಿಗೇಟ್‌ಗಳಿಗೆ (ಮಧ್ಯಮ ಗಾತ್ರದ ಯುದ್ಧನೌಕೆಗಳಿಗೆ) ಶಿವಾಲಿಕ್, ಸಾತ್ಪುರ, ಸಹ್ಯಾದ್ರಿ ಎಂದು ದೇಶದ ಮೂರು ಪರ್ವತಶ್ರೇಣಿಗಳ ಹೆಸರಿಡಲಾಗಿದೆ. ಐಎನ್‌ಎಸ್ ಸಹ್ಯಾದ್ರಿ 2012ರ ಜುಲೈಯಲ್ಲಿ ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿತು. ಉದ್ದ ಸುಮಾರು 142 ಮೀಟರ್, ಪೂರ್ಣ ಭಾರ ಆರು ಸಾವಿರ ಟನ್ನಿಗೂ ಹೆಚ್ಚು. 1971ರಲ್ಲಿ ಆರಂಭವಾಗಿ ಈಗ ಎರಡು ವರ್ಷಕ್ಕೊಮ್ಮೆ ಹವಾಯಿ ದ್ವೀಪಗಳ ಸುತ್ತ ಅಮೆರಿಕ ಏರ್ಪಡಿಸುವ ರಿಮ್‌ಪ್ಯಾಕ್ ಸಮರಾಭ್ಯಾಸಕ್ಕೆ ಈ ಮೂರೂ ಹಡಗುಗಳು ಹೋಗಿ ಬಂದಿವೆ: ಸಹ್ಯಾದ್ರಿ 2014 ಮತ್ತು 2018ರಲ್ಲಿ, ಸಾತ್ಪುರ 2016 ಮತ್ತು 2022ರಲ್ಲಿ, ಶಿವಾಲಿಕ್ 2024ರಲ್ಲಿ. 2024ರ ಆ ಅಭ್ಯಾಸದಲ್ಲಿ 29 ದೇಶಗಳು ಭಾಗವಹಿಸಿದ್ದವು. ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಸೇರಿ ನಡೆಸುವ ಮಲಬಾರ್ ಸಮರಾಭ್ಯಾಸವನ್ನು 2023ರಲ್ಲಿ ಆಸ್ಟ್ರೇಲಿಯಾ ಮೊದಲ ಬಾರಿಗೆ ಸಿಡ್ನಿಯ ಬಳಿ ಏರ್ಪಡಿಸಿದಾಗ ಭಾರತದಿಂದ ಹೋದದ್ದು ಸಹ್ಯಾದ್ರಿ ಮತ್ತು ಕೋಲ್ಕತ್ತಾ. ಆಗುಂಬೆಯ ಅಂಚಿನಲ್ಲಿ ನಿಂತು ನಾವು ಕಾಣುವ ಬೆಟ್ಟಸಾಲಿನ ಹೆಸರನ್ನು ಹೊತ್ತ ಹಡಗು ಪೆಸಿಫಿಕ್ ಮಹಾಸಾಗರದ ನಡುವೆ ತ್ರಿವರ್ಣ ಧ್ವಜ ಹಾರಿಸಿಕೊಂಡು ಸಾಗಿತ್ತೆಂಬುದು ನನಗಂತೂ ಬಹಳ ಸಂತೋಷ ಕೊಡುವ ವಿಷಯ.

ಪ್ರಶ್ನೆ: ಇಂದು ಜೊತೆಯಲ್ಲಿ ಅಭ್ಯಾಸ ಮಾಡುವವರು ನಾಳೆ ಎದುರು ಪಕ್ಷದಲ್ಲಿ ನಿಂತರೆ ಗತಿಯೇನು? ಇದು ಯಾವುದೋ ಒಂದು ಬಣ ಸೇರಿದಂತೆ ಆಗುವುದಿಲ್ಲವೇ? (ಸಾಗರದ ನಿವೃತ್ತ ಅಧ್ಯಾಪಕರು)

ಉತ್ತರ: ಮೇಷ್ಟ್ರೇ, ನಿಮ್ಮ ಶಂಕೆಗೆ ಆಧಾರವಿಲ್ಲದಿಲ್ಲ. ಸಮರಾಭ್ಯಾಸಗಳ ಹಿಂದೆ ರಾಜಕಾರಣ ಇದ್ದೇ ಇರುತ್ತದೆ. ಭಾರತ ಮತ್ತು ಅಮೆರಿಕ 1992ರಲ್ಲಿ ಆರಂಭಿಸಿದ ಮಲಬಾರ್, 1998ರ ಪೋಖ್ರಾನ್ ಅಣುಪರೀಕ್ಷೆಯ ನಂತರ ನಿಂತುಹೋಗಿ 2002ರಲ್ಲಿ ಮತ್ತೆ ಆರಂಭವಾಯಿತು. 2007ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಜಪಾನ್, ಆಸ್ಟ್ರೇಲಿಯಾ, ಸಿಂಗಪುರಗಳೂ ಸೇರಿಕೊಂಡಾಗ ಚೀನಾ ಅಸಮಾಧಾನ ತೋರಿತು. ಆಮೇಲೆ ಆಸ್ಟ್ರೇಲಿಯಾದ ಹಡಗುಗಳು ಮಲಬಾರ್‌ಗೆ ಮರಳಿ ಬಂದದ್ದು 2020ರಲ್ಲಿ. ಜಪಾನ್ ಮಾತ್ರ 2015ರಿಂದಲೇ ಕಾಯಂ ಸದಸ್ಯನಾಗಿದೆ. ಅತ್ತ ರಿಮ್‌ಪ್ಯಾಕ್‌ನಲ್ಲಿ 2014 ಮತ್ತು 2016ರಲ್ಲಿ ಚೀನಾದ ಹಡಗುಗಳೂ ಪಾಲ್ಗೊಂಡಿದ್ದವು. 2018ರಲ್ಲಿ ಅಮೆರಿಕ ಆ ಆಹ್ವಾನವನ್ನು ಹಿಂದಕ್ಕೆ ಪಡೆಯಿತು. ಯಾರನ್ನು ಕರೆಯುತ್ತಾರೆ, ಯಾರನ್ನು ಬಿಡುತ್ತಾರೆ ಎಂಬುದನ್ನು ನೋಡಿದರೆ ಆಯಾ ಕಾಲದ ಸಂಬಂಧಗಳು ಸ್ಪಷ್ಟವಾಗಿ ಕಾಣುತ್ತವೆ.

ಆದರೂ ಇದನ್ನು ಬಣವೆನ್ನಲಾಗದು. ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ಯುದ್ಧಕ್ಕೆ ಬರಬೇಕೆಂಬ ಕರಾರು ಈ ಅಭ್ಯಾಸಗಳಲ್ಲಿ ಇಲ್ಲ. ಅಮೆರಿಕದೊಂದಿಗೆ ಮಲಬಾರ್ ನಡೆಸುವ ಭಾರತವೇ ರಷ್ಯಾದೊಂದಿಗೆ 2003ರಿಂದ ಇಂದ್ರ ಎಂಬ ಅಭ್ಯಾಸವನ್ನೂ, ಫ್ರಾನ್ಸಿನೊಂದಿಗೆ ವರುಣ ಎಂಬ ಅಭ್ಯಾಸವನ್ನೂ ನಡೆಸುತ್ತದೆ. 1995ರಲ್ಲಿ ಇಂಡೋನೇಷ್ಯಾ, ಸಿಂಗಪುರ, ಶ್ರೀಲಂಕಾ, ಥಾಯ್ಲೆಂಡ್ ಎಂಬ ನಾಲ್ಕೇ ಅತಿಥಿ ದೇಶಗಳೊಂದಿಗೆ ಪೋರ್ಟ್‌ಬ್ಲೇರ್‌ನಲ್ಲಿ ಭಾರತವೇ ಆರಂಭಿಸಿದ ಮಿಲನ್, 2024ರಲ್ಲಿ ವಿಶಾಖಪಟ್ಟಣದಲ್ಲಿ ನಡೆದಾಗ ಸುಮಾರು 50 ದೇಶಗಳ ಕೂಟವಾಗಿ ಬೆಳೆದಿತ್ತು.

ಅಭ್ಯಾಸದ ನಿಜವಾದ ಪ್ರಯೋಜನ ಕಾಣುವುದು ಯಾರೂ ನಿರೀಕ್ಷಿಸದ ದಿನ. 2024ರ ಜನವರಿ 26ರಂದು ಏಡನ್ ಕೊಲ್ಲಿಯ ಬಳಿ ಮಾರ್ಲಿನ್ ಲುವಾಂಡಾ ಎಂಬ ತೈಲ ಹಡಗಿಗೆ ಯೆಮನ್ ದೇಶದ ಹೂತಿ ಬಂಡುಕೋರರ ಕ್ಷಿಪಣಿ ಬಡಿದು ಬೆಂಕಿ ಹೊತ್ತಿಕೊಂಡಿತು. ಹಡಗಿನಲ್ಲಿ 22 ಮಂದಿ ಭಾರತೀಯರೂ ಒಬ್ಬ ಬಾಂಗ್ಲಾದೇಶೀಯರೂ ಇದ್ದರು. ನಮ್ಮ ಐಎನ್‌ಎಸ್ ವಿಶಾಖಪಟ್ಟಣದ ಅಗ್ನಿಶಾಮಕ ತಂಡ ಆ ಹಡಗನ್ನೇರಿ ಬೆಂಕಿ ನಂದಿಸಲು ಶ್ರಮಿಸಿತು. ಫ್ರಾನ್ಸ್ ಮತ್ತು ಅಮೆರಿಕದ ನೌಕೆಗಳೂ ನೆರವಿಗೆ ಬಂದಿದ್ದವು. ಅಂಥ ಹೊತ್ತಿನಲ್ಲಿ ಯಾವ ಕಂಪನಾಂಕದಲ್ಲಿ ಮಾತಾಡಬೇಕು, ಯಾವ ಸಂಕೇತ ಬಳಸಬೇಕು, ಯಾರು ಯಾವ ಬದಿಯಿಂದ ಹತ್ತಿರ ಹೋಗಬೇಕು ಎಂದು ಚರ್ಚಿಸುತ್ತ ಕೂರಲು ಸಮಯವಿರುವುದಿಲ್ಲ. ಅದು ಮೊದಲೇ ಗೊತ್ತಿರಬೇಕು. ಪರಸ್ಪರ ನಂಬಿಕೆ ಇಲ್ಲದ ದೇಶಗಳಿಗೂ ಈ ಅಗತ್ಯವಿದೆ: ಅನಿರೀಕ್ಷಿತವಾಗಿ ಎದುರಾದ ಯುದ್ಧನೌಕೆಗಳು ಹೇಗೆ ನಡೆದುಕೊಳ್ಳಬೇಕೆಂಬ ಸಂಹಿತೆಯನ್ನು 2014ರಲ್ಲಿ ಅಮೆರಿಕ, ಚೀನಾ, ಜಪಾನ್ ಮೊದಲಾದ ದೇಶಗಳು ಚೀನಾದ ಚಿಂಗ್‌ದಾವ್ ನಗರದಲ್ಲೇ ಕುಳಿತು ಒಪ್ಪಿಕೊಂಡವು.

ಪ್ರಶ್ನೆ: ಸಮರಾಭ್ಯಾಸವೆಂದರೆ ಪತ್ರಿಕೆಯಲ್ಲಿ ಸಾಲಾಗಿ ನಿಂತ ಹಡಗುಗಳ ಚಿತ್ರವಷ್ಟೇ ಬರುತ್ತದೆ. ಅಲ್ಲಿ ನಿಜವಾಗಿ ಏನು ನಡೆಯುತ್ತದೆ? (ಹೊಸನಗರದ ಪದವಿ ವಿದ್ಯಾರ್ಥಿನಿ)

ಉತ್ತರ: ಆ ಚಿತ್ರ ಸಾಮಾನ್ಯವಾಗಿ ಕೊನೆಯ ದಿನದ್ದು. ಅದಕ್ಕೆ ತಿಂಗಳುಗಳ ಮೊದಲೇ ಅಧಿಕಾರಿಗಳು ಸಭೆ ಸೇರಿ ಪ್ರತಿ ಗಂಟೆಯ ಕಾರ್ಯಕ್ರಮವನ್ನು ನಿಗದಿ ಮಾಡಿರುತ್ತಾರೆ. ಮೊದಲು ಬಂದರಿನ ಹಂತ. ಒಬ್ಬರ ಹಡಗಿಗೆ ಇನ್ನೊಬ್ಬರು ಹೋಗುತ್ತಾರೆ, ಯಂತ್ರಕೋಣೆಯಿಂದ ಅಡುಗೆಮನೆಯವರೆಗೆ ನೋಡುತ್ತಾರೆ, ವಾಲಿಬಾಲ್ ಆಡುತ್ತಾರೆ. ಅನಂತರ ಸಮುದ್ರದ ಹಂತ. ಅದರಲ್ಲಿ ಎರಡು ಕೆಲಸಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಫಿರಂಗಿ ಹಾರಿಸುವುದಕ್ಕಿಂತ ಇವು ಕಷ್ಟದವು ಎಂದು ನಾನು ಭಾವಿಸುತ್ತೇನೆ.

ಮೊದಲನೆಯದು ಚಲಿಸುತ್ತಿರುವಾಗಲೇ ಇಂಧನ ತುಂಬಿಕೊಳ್ಳುವುದು. ತೈಲ ಹೊತ್ತ ಹಡಗು ಒಂದೇ ದಿಕ್ಕಿನಲ್ಲಿ, ಒಂದೇ ವೇಗದಲ್ಲಿ, ಸುಮಾರು 12 ನಾಟ್, ಅಂದರೆ ಗಂಟೆಗೆ 22 ಕಿಲೋಮೀಟರಿನಷ್ಟು, ನೇರವಾಗಿ ಸಾಗುತ್ತಿರುತ್ತದೆ. ಇಂಧನ ಬೇಕಾದ ಯುದ್ಧನೌಕೆ ಹಿಂದಿನಿಂದ ಬಂದು ಅದರ ಪಕ್ಕಕ್ಕೆ, ನಲವತ್ತು ಐವತ್ತು ಮೀಟರ್ ಅಂತರದಲ್ಲಿ ಸರಿಸಮನಾಗಿ ನಿಲ್ಲಬೇಕು. ಒಂದು ಹಡಗಿನಿಂದ ಬಂದೂಕಿನಲ್ಲಿ ತೆಳುವಾದ ದಾರವೊಂದನ್ನು ಇನ್ನೊಂದರ ಮೇಲೆ ಹಾರಿಸುತ್ತಾರೆ. ಆ ದಾರಕ್ಕೆ ಕಟ್ಟಿದ ಹಗ್ಗ, ಹಗ್ಗದ ಹಿಂದೆ ಉಕ್ಕಿನ ತಂತಿ, ತಂತಿಗೆ ತೂಗಿಬಿಟ್ಟ ದಪ್ಪ ಕೊಳವೆ, ಹೀಗೆ ಒಂದೊಂದಾಗಿ ಎಳೆದುಕೊಂಡು ಜೋಡಿಸುತ್ತಾರೆ. ಎರಡು ಹಡಗುಗಳ ನಡುವೆ ಇಕ್ಕಟ್ಟಿನಲ್ಲಿ ಹಾಯುವ ನೀರಿನ ವೇಗ ಹೆಚ್ಚಿ ಒತ್ತಡ ಕಡಿಮೆಯಾಗುವುದರಿಂದ ಎರಡೂ ಹಡಗುಗಳು ಒಂದನ್ನೊಂದು ಸೆಳೆಯುತ್ತವೆ. ಚುಕ್ಕಾಣಿ ಹಿಡಿದವನು ಒಂದೊಂದು ಡಿಗ್ರಿಯಷ್ಟೇ ತಿರುಗಿಸುತ್ತ, ಎರಡು ಹಡಗುಗಳ ನಡುವೆ ಬಿಗಿದ ದಾರದ ಮೇಲಿನ ಬಣ್ಣದ ಗುರುತುಗಳಿಂದ ಅಂತರವನ್ನು ಅಳೆಯುತ್ತ, ಗಂಟೆಗಟ್ಟಲೆ ಹೀಗೆ ಸಾಗಬೇಕು. ಸ್ವಂತ ನೌಕಾಪಡೆಯ ದೀಪಕ್ ಅಥವಾ ಶಕ್ತಿ ತೈಲ ಹಡಗಿನ ಪಕ್ಕದಲ್ಲೇ ಇದು ಸುಲಭವಲ್ಲ. ಬೇರೆ ದೇಶದ ಹಡಗಾದರೆ ಕೊಳವೆಯ ತುದಿ ಹೊಂದಬೇಕು, ಬಾವುಟ ಮತ್ತು ಕೈಸನ್ನೆಗಳ ಅರ್ಥ ಒಂದೇ ಇರಬೇಕು, ಏನಾದರೂ ಎಡವಟ್ಟಾದರೆ ತಕ್ಷಣ ಕಳಚಿಕೊಂಡು ದೂರ ಸರಿಯುವ ಕ್ರಮ ಇಬ್ಬರಿಗೂ ಗೊತ್ತಿರಬೇಕು.

ಎರಡನೆಯದು ಜಲಾಂತರ್ಗಾಮಿಯ ಹುಡುಕಾಟ. ನೀರಿನೊಳಗೆ ರೇಡಾರ್ ನಡೆಯುವುದಿಲ್ಲ. ಅಲ್ಲಿ ಶಬ್ದವೇ ಕಣ್ಣು. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಸಾಗುತ್ತದೆ, ಆದರೆ ನೇರವಾಗಿ ಸಾಗುವುದಿಲ್ಲ. ಬೇಸಿಗೆಯಲ್ಲಿ ಶರಾವತಿ ಹಿನ್ನೀರಿಗೆ ಇಳಿದವರಿಗೆ ಎದೆಮಟ್ಟದಲ್ಲಿ ಬೆಚ್ಚಗೂ ಪಾದದ ಬಳಿ ತಣ್ಣಗೂ ಇರುವುದು ಗೊತ್ತು. ಸಮುದ್ರದಲ್ಲೂ ಹಾಗೆಯೇ ಪದರಗಳಿವೆ. ಶಬ್ದ ತಣ್ಣಗಿನ ಪದರದ ಕಡೆಗೆ ಬಾಗುತ್ತದೆ. ಇದರಿಂದ ಕೆಲವು ಜಾಗಗಳಿಗೆ ಹಡಗಿನ ಸೋನಾರ್ (ಶಬ್ದದಿಂದ ಹುಡುಕುವ ಉಪಕರಣ) ಹೊರಡಿಸುವ ಶಬ್ದ ತಲುಪುವುದೇ ಇಲ್ಲ, ಜಾಣ ಜಲಾಂತರ್ಗಾಮಿ ಅಲ್ಲೇ ಅಡಗಿರುತ್ತದೆ. ಅದಕ್ಕಾಗಿ ಹೆಲಿಕಾಪ್ಟರ್ ತನ್ನ ಸೋನಾರನ್ನು ತಂತಿಯಲ್ಲಿ ಆ ಪದರದ ಕೆಳಗೆ ಇಳಿಬಿಡುತ್ತದೆ, ಪಿ-8ಐ ವಿಮಾನ ಶಬ್ದ ಆಲಿಸುವ ತೇಲುಬುರುಡೆಗಳನ್ನು ನೀರಿಗೆ ಎಸೆಯುತ್ತದೆ. ಗಂಗಾ, ಬ್ರಹ್ಮಪುತ್ರಗಳ ಸಿಹಿನೀರು ಸೇರುವ ಬಂಗಾಳ ಕೊಲ್ಲಿಯ ಮೇಲ್ಪದರ ಅರಬ್ಬಿ ಸಮುದ್ರದ್ದಕ್ಕಿಂತ ಬೇರೆ. ಪೆಸಿಫಿಕ್‌ನದು ಮತ್ತೂ ಬೇರೆ. ತನ್ನ ಮನೆಯಂಗಳದ ಸಮುದ್ರದಲ್ಲಿ ಪಳಗಿದ ಸೋನಾರ್ ಸಿಬ್ಬಂದಿ ಬೇರೆ ಸಮುದ್ರದಲ್ಲಿ, ಬೇರೆ ದೇಶದ ಜಲಾಂತರ್ಗಾಮಿಯನ್ನು ಹುಡುಕಿ ಸೋತರೂ ಗೆದ್ದರೂ ಅದರಿಂದ ಕಲಿಯುವುದು ಬಹಳವಿದೆ.

ಪ್ರಶ್ನೆ: ನನ್ನ ಮಗ ನೌಕಾಪಡೆಯಲ್ಲಿ ನಾವಿಕ. ಅಭ್ಯಾಸವೆಂದು ಹೋದರೆ ವಾರಗಟ್ಟಲೆ ಫೋನೇ ಇರುವುದಿಲ್ಲ. ಜೀವ ಕೈಯಲ್ಲಿ ಹಿಡಿದು ಕೂರುತ್ತೇನೆ. (ಕೊಪ್ಪದ ಒಬ್ಬ ತಾಯಿ)

ಉತ್ತರ: ಅಮ್ಮಾ, ಫೋನ್ ಬಾರದಿರುವುದು ಅಪಾಯದ ಸೂಚನೆಯಲ್ಲ. ದಡದಿಂದ ಸ್ವಲ್ಪ ದೂರ ಹೋದರೆ ಮೊಬೈಲ್ ಸಿಗ್ನಲ್ ತಾನಾಗಿಯೇ ಹೋಗುತ್ತದೆ. ಇದಲ್ಲದೆ ಅಭ್ಯಾಸದ ಕೆಲವು ಹಂತಗಳಲ್ಲಿ ಹಡಗು ಎಲ್ಲಿದೆಯೆಂದು ಯಾರಿಗೂ ತಿಳಿಯಬಾರದೆಂದು ರೇಡಾರ್, ರೇಡಿಯೊ ಎಲ್ಲವನ್ನೂ ಬೇಕೆಂದೇ ಮೌನವಾಗಿಡುತ್ತಾರೆ. ಆಗ ನಾಯಕನಿಂದ ಹಿಡಿದು ನಾವಿಕನವರೆಗೆ ಯಾರೂ ಹೊರಗೆ ಮಾತಾಡುವಂತಿಲ್ಲ. ಕಡಲ ಕೆಲಸದಲ್ಲಿ ಅಪಾಯವೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಗುಂಡು ಹಾರಿಸುವುದು ಎಳೆದುಕೊಂಡು ಹೋಗುವ ಗುರಿಗೆ ಅಥವಾ ನೀರಿನಲ್ಲಿ ತೇಲಿಬಿಟ್ಟ ಗಾಳಿ ತುಂಬಿದ ಗುರಿಗೆ. ಅಸುರಕ್ಷಿತವೆನಿಸಿದರೆ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸುವ ಸಂಕೇತವೂ ಮೊದಲೇ ಗೊತ್ತುಮಾಡಿರುತ್ತದೆ. ಹಡಗು ಬಂದರು ಮುಟ್ಟಿದಾಗ ಮಗನ ಕರೆ ಬರುತ್ತದೆ.

ಪ್ರಶ್ನೆ: ನಮ್ಮ ಹಡಗಿನ ರಹಸ್ಯಗಳು ಇದರಿಂದ ಬಯಲಾಗುವುದಿಲ್ಲವೇ? (ಭದ್ರಾವತಿಯ ಓದುಗರು)

ಉತ್ತರ: ಎಲ್ಲ ದೇಶಗಳೂ ಈ ಎಚ್ಚರದಲ್ಲೇ ಬರುತ್ತವೆ. ರೇಡಾರ್, ಸೋನಾರ್‌ಗಳಲ್ಲಿ ಯುದ್ಧಕಾಲಕ್ಕೆಂದೇ ಮೀಸಲಿಟ್ಟ ವಿಧಾನಗಳಿರುತ್ತವೆ. ಅವನ್ನು ಅತಿಥಿಗಳ ಮುಂದೆ ಬಳಸುವುದಿಲ್ಲ. ಸಂದೇಶಗಳ ಗೂಢಲಿಪಿಯೂ ಹಾಗೆಯೇ. ಅಮೆರಿಕದೊಂದಿಗೆ ಇಂಧನ ಮತ್ತಿತರ ಪೂರೈಕೆಯ ಒಪ್ಪಂದ 2016ರಲ್ಲಿ, ಸುರಕ್ಷಿತ ಸಂಪರ್ಕ ಸಾಧನಗಳ ಒಪ್ಪಂದ 2018ರಲ್ಲಿ ಆದ ಮೇಲೆ ಹಂಚಿಕೊಳ್ಳುವುದು ಮೊದಲಿಗಿಂತ ಹೆಚ್ಚಾಗಿದೆ. ಅದರ ಮಿತಿಯನ್ನು ನಿರ್ಧರಿಸುವುದು ಸರ್ಕಾರ. ಸಂಸತ್ತು ಅದನ್ನು ಪ್ರಶ್ನಿಸುತ್ತಿರಬೇಕು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಭಟ್ಕಳ, ಮಲ್ಪೆಗಳಿಂದ ಮೀನು ತರಿಸಿ ಮಾರುವವನು ನಾನು. ಈ ಅಭ್ಯಾಸಗಳಿಂದ ಮೀನುಗಾರರಿಗೂ ಸಮುದ್ರದ ಜೀವಿಗಳಿಗೂ ತೊಂದರೆಯಿಲ್ಲವೇ? (ಶಿವಮೊಗ್ಗದ ವ್ಯಾಪಾರಿ)

ಉತ್ತರ: ಗುಂಡು ಹಾರಿಸುವ ಪ್ರದೇಶ ಮತ್ತು ಸಮಯವನ್ನು ನಾವಿಕರಿಗೆ ರೇಡಿಯೊ ಎಚ್ಚರಿಕೆಯ ಮೂಲಕ ಮುಂಚಿತವಾಗಿ ತಿಳಿಸಲಾಗುತ್ತದೆ. ಹಿಂದೂ ಮಹಾಸಾಗರದ ನಮ್ಮ ಭಾಗಕ್ಕೆ ಈ ಎಚ್ಚರಿಕೆಗಳನ್ನು ಹೊರಡಿಸುವ ಹೊಣೆ ಡೆಹ್ರಾಡೂನ್‌ನಲ್ಲಿರುವ ರಾಷ್ಟ್ರೀಯ ಜಲಮಾಪನ ಕಚೇರಿಯದು. ಆದರೆ ಸಣ್ಣ ದೋಣಿಯವರಿಗೆ ಅದು ಅವರ ಭಾಷೆಯಲ್ಲಿ, ಸಕಾಲದಲ್ಲಿ ತಲುಪಿದರೆ ಮಾತ್ರ ಪ್ರಯೋಜನ.

ಜೀವಿಗಳ ವಿಷಯದಲ್ಲಿ ನಿಮ್ಮ ಕಳವಳ ನ್ಯಾಯವಾದದ್ದು. 2000ದ ಮಾರ್ಚ್‌ನಲ್ಲಿ ಬಹಾಮಾಸ್ ದ್ವೀಪಗಳ ಬಳಿ ತಿಮಿಂಗಿಲಗಳು ಗುಂಪಾಗಿ ದಡಕ್ಕೆ ಬಂದು ಬಿದ್ದಾಗ, ತನ್ನ ಹಡಗುಗಳ ಸೋನಾರ್ ಅದಕ್ಕೆ ಕಾರಣವಾಗಿದ್ದಿರಬೇಕೆಂದು ಅಮೆರಿಕದ ನೌಕಾಪಡೆಯೇ ತನಿಖೆಯ ನಂತರ ಒಪ್ಪಿಕೊಂಡಿತು. ರಿಮ್‌ಪ್ಯಾಕ್‌ನಲ್ಲಿ ಹಳೆಯ ಹಡಗುಗಳನ್ನು ಗುರಿಯಾಗಿಟ್ಟು ಮುಳುಗಿಸುವ ರೂಢಿಯೂ ಇದೆ. ಅಮೆರಿಕದ ನಿಯಮದಂತೆ ಅದಕ್ಕೆ ಮೊದಲು ಹಡಗಿನಿಂದ ಹಾನಿಕಾರಕ ವಸ್ತುಗಳನ್ನು ತೆಗೆಯಬೇಕು. ದಡದಿಂದ ಕನಿಷ್ಠ 50 ನಾಟಿಕಲ್ ಮೈಲಿ ದೂರದಲ್ಲಿ, ಆರು ಸಾವಿರ ಅಡಿಗಿಂತ ಆಳವಾದ ನೀರಿನಲ್ಲಿ ಮಾತ್ರ ಮುಳುಗಿಸಬೇಕು. ಇಷ್ಟಾದರೂ ಸಮುದ್ರಕ್ಕೆ ಹೊರೆಯೇ. ದೇಶಗಳು ಒಟ್ಟಿಗೆ ಅಭ್ಯಾಸ ಮಾಡುವಾಗ ಸೋನಾರ್ ಬಳಕೆಗೂ ಒಟ್ಟಿಗೆ ಕಟ್ಟುನಿಟ್ಟಿನ ನಿಯಮ ಮಾಡಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಪ್ರಶ್ನೆ: ಕಾರವಾರದ ನೌಕಾನೆಲೆಗೆ ಕದಂಬ ಎಂಬ ಹೆಸರು ಬಂದದ್ದು ನಮ್ಮ ಕದಂಬರಿಂದಲೇ? ಯುದ್ಧನೌಕೆ ನೋಡಲು ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬಹುದು? (ಶಿಕಾರಿಪುರದ ಶಾಲಾ ಶಿಕ್ಷಕಿ)

ಉತ್ತರ: ಹೌದು. ಮಯೂರಶರ್ಮನ ವೃತ್ತಾಂತ ಹೇಳುವ ಸ್ತಂಭಶಾಸನ ನಿಮ್ಮ ತಾಲ್ಲೂಕಿನ ತಾಳಗುಂದದಲ್ಲೇ ಇದೆ. ಆ ಕದಂಬ ವಂಶದ ಹೆಸರನ್ನೇ 2005ರಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ಕದಂಬ ನೆಲೆಗೆ ಇಡಲಾಗಿದೆ. 2020ರ ನವೆಂಬರ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ನಡೆದ ಮಲಬಾರ್‌ನ ಎರಡನೆಯ ಹಂತದಲ್ಲಿ ಅಮೆರಿಕದ ನಿಮಿಟ್ಜ್ ಜೊತೆ ಅಭ್ಯಾಸ ಮಾಡಿದ ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ತಂಗುದಾಣ ಅದೇ. ನೆಲೆಯೊಳಗೆ ಸಾರ್ವಜನಿಕರು ಬೇಕೆಂದಾಗ ಹೋಗುವಂತಿಲ್ಲ. ಆದರೆ ಕಾರವಾರದ ರವೀಂದ್ರನಾಥ ಠಾಗೋರ್ ಕಡಲತೀರದಲ್ಲಿ ನಿವೃತ್ತ ಕ್ಷಿಪಣಿ ದೋಣಿ ಚಪಲ್ ಅನ್ನು ಸಂಗ್ರಹಾಲಯವಾಗಿ ಇರಿಸಲಾಗಿದೆ. ನಾವಿಕರು ಮಲಗುವ, ಕೆಲಸ ಮಾಡುವ ಜಾಗ ಎಷ್ಟು ಇಕ್ಕಟ್ಟೆಂಬುದು ಮಕ್ಕಳಿಗೆ ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ತಾಳಗುಂದದ ಶಾಸನವನ್ನು ಮೊದಲು ತೋರಿಸಿ, ಬನವಾಸಿ, ಶಿರಸಿ ಮಾರ್ಗವಾಗಿ ಘಟ್ಟ ಇಳಿಯಿರಿ.