ಓದುಗರ ಪ್ರಶ್ನೆ: ದನಿ ಯಾರದು, ಪದ ಯಾರದು?

ಚೀನೀ ಭಾಷೆಯ ಜನಪ್ರಿಯ ಗೀತೆಗಳನ್ನು ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಬಹುತೇಕ ಪತ್ರಗಳು ಗಾಯಕರ ಬಗ್ಗೆ ಕೇಳುತ್ತವೆ. ನನ್ನ ಉತ್ತರಗಳು ಮಾತ್ರ ಮತ್ತೆ ಮತ್ತೆ ಹಾಡು ಬರೆದವರ ಕಡೆಗೆ ಹೊರಳಿವೆ. ಅದು ತಿಳಿದೇ ಮಾಡಿದ್ದು.

ಪ್ರಶ್ನೆ: ಟೆರೇಸಾ ಟೆಂಗ್ ಎಂಬವರು ಹಾಡಿದ, ಚಂದ್ರನನ್ನು ಕುರಿತ ಹಳೆಯ ಹಾಡೊಂದನ್ನು ಕೇಳಿದೆ. ಒಂದು ಪದವೂ ತಿಳಿಯಲಿಲ್ಲ, ಆದರೂ ಮನಸ್ಸಿನಲ್ಲಿ ನಿಂತಿತು. ಅವರು ಯಾರು? ಆ ಹಾಡು ಅವರದೇ?

ಉತ್ತರ: ಟೆರೇಸಾ ಟೆಂಗ್ ಅವರ ಚೀನೀ ಹೆಸರು ದೆಂಗ್ ಲಿಜುನ್. 1953ರಲ್ಲಿ ತೈವಾನಿನ ಯುನ್‌ಲಿನ್ ಪ್ರಾಂತದಲ್ಲಿ ಹುಟ್ಟಿದ ಅವರು ಮ್ಯಾಂಡರಿನ್ (ಚೀನಾದ ಅಧಿಕೃತ ಚೀನೀ ನುಡಿ), ತೈವಾನೀ, ಕ್ಯಾಂಟನೀಸ್ (ಹಾಂಗ್‌ಕಾಂಗ್ ಕಡೆಯ ಚೀನೀ ನುಡಿ) ಮತ್ತು ಜಪಾನೀ ಭಾಷೆಗಳಲ್ಲಿ ಹಾಡಿ, 1995ರ ಮೇ ತಿಂಗಳಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್ ನಗರದಲ್ಲಿ ತಮ್ಮ 42ನೆಯ ವಯಸ್ಸಿನಲ್ಲಿ ತೀರಿಕೊಂಡರು. 1970ರ ದಶಕದ ಕೊನೆಯಲ್ಲಿ ಅವರ ಹಾಡುಗಳ ಕ್ಯಾಸೆಟ್‌ಗಳು ಚೀನಾದ ಮುಖ್ಯಭೂಮಿಯನ್ನು ತಲುಪಿದವು. ವರ್ಷಗಟ್ಟಲೆ ಕ್ರಾಂತಿಗೀತೆಗಳನ್ನಷ್ಟೇ ಕೇಳಿದ್ದ ಜನರಿಗೆ, ಒಬ್ಬರ ಕಿವಿಯಲ್ಲಿ ಇನ್ನೊಬ್ಬರು ಮೆಲುದನಿಯಲ್ಲಿ ಹೇಳಿದಂತಿದ್ದ ಆ ಹಾಡುಗಾರಿಕೆ ಹೊಸದಾಗಿತ್ತು. ಅಧಿಕಾರಿಗಳು ಅದನ್ನು ಕೆಟ್ಟ ಅಭಿರುಚಿಯೆಂದು ಜರೆದರೂ ಜನ ಕದ್ದು ಪ್ರತಿ ಮಾಡಿಕೊಂಡು ಕೇಳಿದರು. ದೇಶದ ನಾಯಕ ದೆಂಗ್ ಶಿಯಾವೊಪಿಂಗ್ ಮತ್ತು ಈ ಗಾಯಕಿಯ ಮನೆತನದ ಹೆಸರು ಒಂದೇ ಆಗಿದ್ದುದರಿಂದ, ಹಗಲು ದೊಡ್ಡ ದೆಂಗ್ ಮಾತು, ಇರುಳು ಪುಟ್ಟ ದೆಂಗ್ ಹಾಡು ಎಂಬ ಅರ್ಥದ ಮಾತೊಂದು ಆ ಕಾಲದಲ್ಲಿ ಬಾಯಿಂದ ಬಾಯಿಗೆ ಹರಡಿತ್ತು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಹಾಡು ಅವರದಲ್ಲ. ಅದರ ಸಾಹಿತ್ಯ ಸುನ್ ಯಿ ಅವರದು, ರಾಗ ಸಂಯೋಜನೆ ವೆಂಗ್ ಚಿಂಗ್‌ಶಿ ಅವರದು. 1973ರಲ್ಲಿ ಅದನ್ನು ಮೊದಲು ಹಾಡಿದವರು ಚೆನ್ ಫೆನ್‌ಲಾನ್ ಎಂಬ ಗಾಯಕಿ. ಟೆಂಗ್ ಅದನ್ನು ಧ್ವನಿಮುದ್ರಿಸಿದ್ದು 1977ರಲ್ಲಿ. ಇಂದು ಚೀನೀ ಮಾತನಾಡುವವರು ನೆಲೆಸಿರುವ ಕಡೆಯೆಲ್ಲ ಈ ಹಾಡು ಗೊತ್ತು, ಟೆಂಗ್ ಹೆಸರು ಗೊತ್ತು. ಉಳಿದ ಮೂರು ಹೆಸರುಗಳನ್ನು ಹೇಳಬಲ್ಲವರು ತೀರ ಕಡಿಮೆ. ಟೆಂಗ್ ದನಿಯ ಹಿರಿಮೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೂ ಆ ಮೂವರ ಹೆಸರುಗಳನ್ನು ಇಲ್ಲಿ ಅಚ್ಚು ಮಾಡುವುದು ನ್ಯಾಯವೆಂದು ನನಗೆ ತೋರುತ್ತದೆ.

ಪ್ರಶ್ನೆ: ಚೀನಾದಲ್ಲಿ ಈ ಬಗೆಯ ಹಾಡುಗಳು ಯಾವಾಗ ಶುರುವಾದವು?

ಉತ್ತರ: ಶಾಂಘೈ ನಗರದಲ್ಲಿ, 1920ರ ದಶಕದಲ್ಲಿ. ಲಿ ಜಿನ್‌ಹುಯಿ ಎಂಬ ಸಂಯೋಜಕರು 1927ರ ಸುಮಾರಿಗೆ ರಚಿಸಿ ತಮ್ಮ ಮಗಳಿಂದ ಹಾಡಿಸಿದ ಗೀತೆಯನ್ನು ಮೊದಲ ಚೀನೀ ಜನಪ್ರಿಯ ಗೀತೆಯೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಜಾನಪದ ಧಾಟಿಗೆ ಜಾಝ್ ವಾದ್ಯಗಳನ್ನು ಬೆರೆಸಿದ ಈ ಪ್ರಕಾರಕ್ಕೆ 'ಶಿದಾಯ್‌ಚ್ಯು', ಅಂದರೆ 'ಈ ಕಾಲದ ಹಾಡು', ಎಂಬ ಹೆಸರು ಬಂತು. 1949ರ ನಂತರ ಕಮ್ಯುನಿಸ್ಟ್ ಸರ್ಕಾರ ಇಂಥ ಹಾಡುಗಳನ್ನು 'ಹಳದಿ ಸಂಗೀತ', ಎಂದರೆ ಅಶ್ಲೀಲವಾದದ್ದು, ಎಂದು ತಳ್ಳಿಹಾಕಿದಾಗ ಗಾಯಕರೂ ಧ್ವನಿಮುದ್ರಣದ ಕಂಪನಿಗಳೂ ಹಾಂಗ್‌ಕಾಂಗಿಗೆ ಹೋದವು. ಮುಂದಿನ ಕೆಲವು ದಶಕಗಳ ಕಥೆ ಹಾಂಗ್‌ಕಾಂಗ್ ಮತ್ತು ತೈಪೆ ನಗರಗಳಲ್ಲಿ ನಡೆಯಿತು.

ಪ್ರಶ್ನೆ: ಚೀನೀ ಭಾಷೆಯಲ್ಲಿ ಸ್ವರದ ಏರಿಳಿತ ಬದಲಾದರೆ ಪದದ ಅರ್ಥವೇ ಬದಲಾಗುತ್ತದೆ ಎಂದು ಓದಿದ್ದೇನೆ. ಹಾಡುವಾಗ ಸ್ವರ ರಾಗದಂತೆ ಏರಿಳಿಯಲೇಬೇಕಲ್ಲ? ಹಾಗಾದರೆ ಕೇಳುವವರಿಗೆ ಅರ್ಥ ಹೇಗೆ ಆಗುತ್ತದೆ?

ಉತ್ತರ: ಬಂದ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಮೊದಲು ತಿಳಿಯಬೇಕಾದದ್ದು, ಮ್ಯಾಂಡರಿನ್ ಮತ್ತು ಕ್ಯಾಂಟನೀಸ್ ಈ ತೊಡಕನ್ನು ಬೇರೆ ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿವೆ ಎಂಬುದು. ಮ್ಯಾಂಡರಿನ್‌ನಲ್ಲಿ ನಾಲ್ಕು ಮುಖ್ಯ ಸ್ವರಭೇದಗಳಿವೆ. ಹಾಡುವಾಗ ಅವು ಬಹುಮಟ್ಟಿಗೆ ಅಳಿಸಿಹೋಗುತ್ತವೆ. ಕೇಳುವವರು ಹಿಂದುಮುಂದಿನ ಪದಗಳಿಂದ ಅರ್ಥವನ್ನು ಊಹಿಸಿಕೊಳ್ಳುತ್ತಾರೆ. ಪರದೆಯ ಮೇಲೆ ಬರುವ ಅಕ್ಷರಗಳು ನೆರವಾಗುತ್ತವೆ.

ಕ್ಯಾಂಟನೀಸ್‌ನಲ್ಲಿ ಈ ಸಡಿಲಿಕೆ ಇಲ್ಲ. ಅಲ್ಲಿ ಆರು ಸ್ವರಭೇದಗಳಿದ್ದು, ಅವು ಒಂದಕ್ಕಿಂತ ಒಂದು ಎತ್ತರ ಅಥವಾ ತಗ್ಗು ಎಂಬುದರಿಂದಲೇ ಹೆಚ್ಚಾಗಿ ಗುರುತಾಗುತ್ತವೆ. ರಾಗ ಮೇಲೇರುವಾಗ ಪದದ ಸ್ವರ ಕೆಳಗಿಳಿಯುವಂಥದ್ದಾದರೆ ಕೇಳುವವರ ಕಿವಿಗೆ ಬೇರೆಯೇ ಪದ ಬೀಳುತ್ತದೆ. ನಮ್ಮಲ್ಲಿ ಹ್ರಸ್ವವನ್ನು ಎಳೆದು ಹಾಡಿದರೆ 'ಮರ' ಎಂಬುದು 'ಮಾರ' ಆಗುವುದಲ್ಲ, ಅಂಥದೇ ತೊಂದರೆ ಅಲ್ಲಿ ಪ್ರತಿ ಅಕ್ಷರಕ್ಕೂ ಕಾದಿರುತ್ತದೆ. ಪಾಶ್ಚಾತ್ಯ ರಾಗಗಳಿಗೆ ಅಳವಡಿಸಿದ ಹಳೆಯ ಕ್ರೈಸ್ತ ಭಕ್ತಿಗೀತೆಗಳಲ್ಲಿ 'ಪ್ರಭು' ಎಂಬ ಪದ 'ಹಂದಿ' ಎಂದು ಕೇಳಿಸುತ್ತಿತ್ತೆಂಬ ಸಂಗತಿಯನ್ನು ಹಾಂಗ್‌ಕಾಂಗಿನಲ್ಲಿ ಇಂದಿಗೂ ಉದಾಹರಣೆಯಾಗಿ ಹೇಳುತ್ತಾರೆ.

ಹೀಗಾಗಿ ಅಲ್ಲಿ ಸಾಮಾನ್ಯವಾಗಿ ರಾಗ ಮೊದಲು ಸಿದ್ಧವಾಗುತ್ತದೆ, ಪದ ನಂತರ ಬರುತ್ತದೆ. ಆ ಕೆಲಸಕ್ಕೆ ಅವರು ಕೊಟ್ಟಿರುವ ಹೆಸರೇ 'ಪದ ತುಂಬುವುದು'. ರಾಗದ ಮಟ್ಟನ್ನು ಗುರುತು ಹಾಕಿಕೊಳ್ಳಲು ಗೀತರಚನಕಾರರಲ್ಲಿ ಒಂದು ಸೊಗಸಾದ ಉಪಾಯ ಬಳಕೆಯಲ್ಲಿದೆ. ಕ್ಯಾಂಟನೀಸ್‌ನಲ್ಲಿ ಸೊನ್ನೆ, ಎರಡು, ನಾಲ್ಕು, ಮೂರು ಎಂಬ ಅಂಕಿಗಳ ಹೆಸರುಗಳನ್ನು ಇದೇ ಕ್ರಮದಲ್ಲಿ ಉಚ್ಚರಿಸಿದರೆ ಅವುಗಳ ಸ್ವರ ತಗ್ಗಿನಿಂದ ಎತ್ತರಕ್ಕೆ ಮೆಟ್ಟಿಲಿನಂತೆ ಏರುತ್ತದೆ. ರಾಗವನ್ನು ಕೇಳುತ್ತ ಅದನ್ನು ಈ ನಾಲ್ಕು ಅಂಕಿಗಳ ಸಾಲಾಗಿ ಬರೆದುಕೊಂಡು, ಆಮೇಲೆ ಪ್ರತಿ ಅಂಕಿಯ ಜಾಗದಲ್ಲಿ ಅದೇ ಎತ್ತರದ ಪದವನ್ನು ಹುಡುಕಿ ಕೂರಿಸುತ್ತಾರೆ. ಅರ್ಥ ಸರಿಯಾಗಿರಬೇಕು, ಪ್ರಾಸ ಸರಿಯಾಗಿರಬೇಕು, ಸ್ವರವೂ ಸರಿಯಾಗಿರಬೇಕು. ಇಷ್ಟು ಬಿಗಿಯಾದ ಕಟ್ಟಿನೊಳಗೆ ಮನಸ್ಸನ್ನು ಕಲಕುವ ಸಾಲು ಬರೆಯುವುದು ಎಂಥ ಕಸುಬುಗಾರಿಕೆ ಎಂದು ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ.

ಇನ್ನೊಂದು ತೊಡಕೂ ಇದೆ. ಕ್ಯಾಂಟನೀಸ್ ಹಾಡುಗಳ ಭಾಷೆ ಬಹುಪಾಲು ಗ್ರಾಂಥಿಕ ಚೀನೀ. ಉಚ್ಚಾರಣೆ ಮಾತ್ರ ಕ್ಯಾಂಟನೀಸ್. ಬೀದಿಯ ಆಡುಮಾತನ್ನು ಹಾಡಿಗೆ ತಂದು ಜನರ ಮೆಚ್ಚುಗೆ ಗಳಿಸಿದವರಲ್ಲಿ ಸ್ಯಾಮ್ ಹುಯಿ ಮುಖ್ಯರು. 1974ರಲ್ಲಿ ಅವರ ಹಾಡುಗಳು ಗೆದ್ದ ಮೇಲೆ, ಅದುವರೆಗೆ ಇಂಗ್ಲಿಷ್ ಮತ್ತು ಮ್ಯಾಂಡರಿನ್ ಹಾಡುಗಳೇ ಶ್ರೇಷ್ಠವೆಂದು ನಂಬಿದ್ದ ಹಾಂಗ್‌ಕಾಂಗಿನ ಯುವಕರು ತಮ್ಮ ಮನೆಮಾತಿನ ಹಾಡನ್ನು ಹೆಮ್ಮೆಯಿಂದ ಹಾಡತೊಡಗಿದರು. ಅದೇ ಕಾಲದಲ್ಲಿ ಸಂಯೋಜಕ ಜೋಸೆಫ್ ಕೂ ಮತ್ತು ಗೀತರಚನಕಾರ ಜೇಮ್ಸ್ ವಾಂಗ್ ಅವರ ಜೋಡಿ ದೂರದರ್ಶನ ಧಾರಾವಾಹಿಗಳ ಶೀರ್ಷಿಕೆ ಗೀತೆಗಳ ಮೂಲಕ ಮನೆಮನೆಗೂ ತಲುಪಿತು. ಜೇಮ್ಸ್ ವಾಂಗ್ ತಮ್ಮ ಬದುಕಿನ ಕೊನೆಯ ವರ್ಷಗಳಲ್ಲಿ ಕ್ಯಾಂಟನೀಸ್ ಜನಪ್ರಿಯ ಗೀತೆಗಳ ಬೆಳವಣಿಗೆಯನ್ನೇ ವಿಷಯವಾಗಿ ಆರಿಸಿಕೊಂಡು ಹಾಂಗ್‌ಕಾಂಗ್ ವಿಶ್ವವಿದ್ಯಾಲಯಕ್ಕೆ ಪಿಎಚ್‌.ಡಿ. ಪ್ರಬಂಧ ಸಲ್ಲಿಸಿದರು.

ಪ್ರಶ್ನೆ: ಜೇ ಚೌ ಅವರ ಹಾಡುಗಳಲ್ಲಿ ಪ್ರಾಚೀನ ಚೀನೀ ಕಾವ್ಯದ ಛಾಯೆ ಇದೆ ಎನ್ನುತ್ತಾರೆ. ಅವರು ಕವಿಯೂ ಹೌದೇ?

ಉತ್ತರ: ಜೇ ಚೌ ಮುಖ್ಯವಾಗಿ ಸಂಯೋಜಕ ಮತ್ತು ಗಾಯಕ. 1979ರಲ್ಲಿ ತೈವಾನಿನಲ್ಲಿ ಹುಟ್ಟಿದ ಅವರು ಮೊದಲು ಬೇರೆಯವರಿಗಾಗಿ ರಾಗ ಹಾಕುತ್ತಿದ್ದು, 2000ದ ನವೆಂಬರ್‌ನಲ್ಲಿ ತಮ್ಮ ಮೊದಲ ಆಲ್ಬಂ ಹೊರತಂದರು. ಮರುವರ್ಷವೇ ಅದಕ್ಕೆ ತೈವಾನಿನ ಸಂಗೀತ ಪ್ರಶಸ್ತಿಯಾದ ಗೋಲ್ಡನ್ ಮೆಲೊಡಿ ಬಂತು. ನೀವು ಹೇಳುವ ಕಾವ್ಯದ ಛಾಯೆ ಫಾಂಗ್ ವೆನ್‌ಶಾನ್ ಅವರ ಕೊಡುಗೆ. ಕಟ್ಟಡಗಳಲ್ಲಿ ಭದ್ರತಾ ಉಪಕರಣಗಳಿಗೆ ತಂತಿ ಎಳೆಯುವ ಕೆಲಸ ಮಾಡುತ್ತಿದ್ದ ಫಾಂಗ್, ತಾವು ಬರೆದ ಗೀತೆಗಳನ್ನೆಲ್ಲ ಒಂದು ಹೊತ್ತಗೆಯಾಗಿ ಕಟ್ಟಿ ಗಾಯಕರಿಗೂ ನಿರ್ಮಾಪಕರಿಗೂ ಅಂಚೆಯಲ್ಲಿ ಕಳುಹಿಸಿದ್ದರು. ಕರೆದವರು ದೂರದರ್ಶನದ ನಿರೂಪಕ ಜಾಕಿ ವೂ. ಅವರ ಸಂಸ್ಥೆಯಲ್ಲಿಯೇ ಚೌ ಮತ್ತು ಫಾಂಗ್ ಅವರ ಜೋಡಿ ಕೂಡಿತು. ನೀಲಿ ಬಿಳಿ ಪಿಂಗಾಣಿ ಹೂಜಿಯ ಮೇಲಿನ ಚಿತ್ರವನ್ನು ಕಾಣದ ಪ್ರೇಯಸಿಯ ನಿರೀಕ್ಷೆಗೆ ಹೊಂದಿಸಿದ ಅವರ ಗೀತೆ 2008ರ ಗೋಲ್ಡನ್ ಮೆಲೊಡಿಯಲ್ಲಿ ವರ್ಷದ ಹಾಡು ಎನಿಸಿತು. ಅದೇ ಹಾಡಿಗಾಗಿ ಫಾಂಗ್ ಅವರಿಗೆ ಸಾಹಿತ್ಯದ ಪ್ರಶಸ್ತಿಯೂ ಚೌ ಅವರಿಗೆ ಸಂಯೋಜನೆಯ ಪ್ರಶಸ್ತಿಯೂ ಸಂದವು. ಚೌ ಪದಗಳನ್ನು ನುಂಗಿ ಹಾಡುತ್ತಾರೆ ಎಂಬ ದೂರು ಮೊದಲಿನಿಂದಲೂ ಇದೆ. ಆ ದೂರಿನಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಫಾಂಗ್ ಬರೆದ ಸಾಲುಗಳನ್ನು ಮುಂದಿಟ್ಟುಕೊಂಡು ಕೇಳಿದಾಗಲಷ್ಟೇ ಹಾಡು ಪೂರ್ತಿ ಒಲಿಯುತ್ತದೆ.

ಬರೆದು ಹಾಡುವವರ ಸಾಲಿನಲ್ಲಿ ನಾನು ಮೊದಲು ನೆನೆಯುವುದು ತೈವಾನಿನ ಜೋನಾಥನ್ ಲೀ ಅವರನ್ನು. ತಂದೆಯ ಅಂಗಡಿಯಿಂದ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತು ಹಾಕುತ್ತಿದ್ದ ಈ ಯುವಕ ಮುಂದೆ ರಾಕ್ ರೆಕಾರ್ಡ್ಸ್ ಕಂಪನಿಯ ಮುಖ್ಯ ನಿರ್ಮಾಪಕರಾಗಿ, ಗಾಯಕಿಯರ ಬದುಕನ್ನು ಹತ್ತಿರದಿಂದ ನೋಡಿ ಅವರವರಿಗೆ ತಕ್ಕ ಹಾಡುಗಳನ್ನು ಬರೆದುಕೊಟ್ಟರು. ನಡುವಯಸ್ಸು ದಾಟಿದವನೊಬ್ಬ ಬೆಟ್ಟ ಹತ್ತಿ ಆಚೆ ನೋಡುವ ಅವರ ಹಾಡು 2014ರಲ್ಲಿ ಅದೇ ಗೋಲ್ಡನ್ ಮೆಲೊಡಿಯ ವರ್ಷದ ಹಾಡಾಗಿ ಆಯ್ಕೆಯಾದಾಗ ಅವರಿಗೆ 55 ವರ್ಷ. ಯೌವನವನ್ನೇ ಮಾರುವ ಉದ್ಯಮದಲ್ಲಿ ಮುಪ್ಪಿನ ಅಂಚಿನ ಮಾತಿಗೆ ಆ ಮನ್ನಣೆ ಸಿಕ್ಕಿದ್ದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಪ್ರಶ್ನೆ: ಪ್ರತಿ ವರ್ಷ ಹಲವಾರು ಪ್ರಶಸ್ತಿಗಳ ಸುದ್ದಿ ಬರುತ್ತದೆ. ಇವುಗಳಲ್ಲಿ ಯಾವುದಕ್ಕೆ ಹೆಚ್ಚು ಬೆಲೆ?

ಉತ್ತರ: ತೈವಾನಿನ ಗೋಲ್ಡನ್ ಮೆಲೊಡಿಗೆ. ಇದಕ್ಕೂ ಹಾಂಗ್‌ಕಾಂಗಿನ ಪ್ರಶಸ್ತಿಗಳಿಗೂ ಬುಡದಲ್ಲಿಯೇ ವ್ಯತ್ಯಾಸವಿದೆ. ಹಾಂಗ್‌ಕಾಂಗಿನವು ಪ್ರಸಾರ ಸಂಸ್ಥೆಗಳ ಪ್ರಶಸ್ತಿಗಳು. ಸರ್ಕಾರಿ ಬಾನುಲಿ 1970ರ ದಶಕದ ಕೊನೆಯಲ್ಲಿ ಹತ್ತು ಅತ್ಯುತ್ತಮ ಚೀನೀ ಹಾಡುಗಳನ್ನು ಆರಿಸುವುದನ್ನು ಆರಂಭಿಸಿತು. ದೂರದರ್ಶನ ವಾಹಿನಿ ಟಿವಿಬಿ 1980ರ ದಶಕದಲ್ಲಿ ತನ್ನದನ್ನು ಸೇರಿಸಿತು. ಕಮರ್ಷಿಯಲ್ ರೇಡಿಯೊ ಜನವರಿ 1ರಂದು ಕೊಡುವ ಪ್ರಶಸ್ತಿಗಳಲ್ಲಿ ಮುಖ್ಯವಾದವು ವರ್ಷವಿಡೀ ತನ್ನಲ್ಲಿ ಹಾಡು ಎಷ್ಟು ಪ್ರಸಾರವಾಯಿತು ಎಂಬುದನ್ನು ಆಧರಿಸಿರುತ್ತವೆ. ಜಾಕಿ ಚೆಯುಂಗ್, ಆಂಡಿ ಲಾವ್, ಲಿಯೊನ್ ಲಾಯ್, ಆರನ್ ಕ್ವಾಕ್ ಎಂಬ ನಾಲ್ವರು 'ಸ್ವರ್ಗದ ನಾಲ್ಕು ದೊರೆಗಳು' ಎನಿಸಿಕೊಂಡಿದ್ದ 1990ರ ದಶಕದಲ್ಲಿ ಬಹುಮಾನಗಳು ಎಷ್ಟು ಹೆಚ್ಚಿದವೆಂದರೆ, ಆಂಡಿ ಲಾವ್ 292 ಪ್ರಶಸ್ತಿಗಳೊಂದಿಗೆ ಗಿನ್ನೆಸ್ ದಾಖಲೆಯ ಪುಸ್ತಕ ಸೇರಿದರು. ಲಿಯೊನ್ ಲಾಯ್ ಆ ದಶಕದ ಕೊನೆಗೆ ಇನ್ನು ಪ್ರಶಸ್ತಿ ಸ್ವೀಕರಿಸುವುದಿಲ್ಲ ಎಂದು ಸಾರಿಬಿಟ್ಟರು. ಪ್ರಸಾರ ಮಾಡುವವರೇ ಬಹುಮಾನವನ್ನೂ ಕೊಡುವುದಾದರೆ ಗಾಯಕನೂ ಕಂಪನಿಯೂ ಅವರನ್ನು ಮೆಚ್ಚಿಸಿಕೊಂಡೇ ಇರಬೇಕಾಗುತ್ತದೆ; ಆ ಏರ್ಪಾಡು ನನಗೆ ಒಪ್ಪಿಗೆಯಾಗುವುದಿಲ್ಲ.

ಗೋಲ್ಡನ್ ಮೆಲೊಡಿ 1990ರಲ್ಲಿ ಆರಂಭವಾಯಿತು. ಈಗ ತೈವಾನಿನ ಸಂಸ್ಕೃತಿ ಸಚಿವಾಲಯ ಅದನ್ನು ನಡೆಸುತ್ತದೆ. ಆಯ್ಕೆ ತೀರ್ಪುಗಾರರ ಮಂಡಳಿಯದು, ಮಾರಾಟದ ಲೆಕ್ಕದ್ದಲ್ಲ. ಸಾಹಿತ್ಯ, ಸಂಯೋಜನೆ, ವಾದ್ಯ ಸಂಯೋಜನೆ, ನಿರ್ಮಾಣ ಹೀಗೆ ತೆರೆಮರೆಯ ಕೆಲಸಗಳಿಗೂ ಪ್ರತ್ಯೇಕ ಬಹುಮಾನಗಳಿವೆ. ತೈವಾನಿನ ಹೊರಗಿನವರಿಗೂ ಬಾಗಿಲು ತೆರೆದಿದೆ: ಹಾಂಗ್‌ಕಾಂಗಿನ ಈಸನ್ ಚಾನ್ ಮ್ಯಾಂಡರಿನ್ ಗಾಯಕ ಪ್ರಶಸ್ತಿಯನ್ನು ಮೂರು ಬಾರಿ ಪಡೆದಿದ್ದಾರೆ, ಸಿಂಗಪುರದ ತಾನ್ಯಾ ಚುವಾ 2006, 2008, 2012 ಮತ್ತು 2022ರಲ್ಲಿ, ಒಟ್ಟು ನಾಲ್ಕು ಬಾರಿ, ಶ್ರೇಷ್ಠ ಮ್ಯಾಂಡರಿನ್ ಗಾಯಕಿ ಎನಿಸಿದ್ದಾರೆ.

ಇದಕ್ಕಿಂತ ಮಿಗಿಲಾಗಿ ನಾನು ಈ ಪ್ರಶಸ್ತಿಯನ್ನು ಗೌರವಿಸುವುದು ಭಾಷೆಗಳ ಕಾರಣಕ್ಕೆ. ತೈವಾನಿನಲ್ಲಿ 1949ರಿಂದ 1987ರವರೆಗೆ ಮಿಲಿಟರಿ ಕಾನೂನು ಇತ್ತು. ಶಾಲೆಯಲ್ಲಿ ಮ್ಯಾಂಡರಿನ್ ಬಿಟ್ಟು ಮನೆಮಾತನಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಪ್ರಸಾರ ಮಾಧ್ಯಮಗಳಲ್ಲಿ ಇತರ ಭಾಷೆಗಳಿಗೆ ಕಟ್ಟುನಿಟ್ಟಿನ ಮಿತಿ ಇತ್ತು. ಅಂಥ ನೆಲದಲ್ಲಿ ಇಂದು ಸರ್ಕಾರದ್ದೇ ಪ್ರಶಸ್ತಿ ತೈವಾನೀ, ಹಕ್ಕಾ ಮತ್ತು ಮೂಲನಿವಾಸಿ ಭಾಷೆಗಳಿಗೆ ಬೇರೆ ಬೇರೆ ವಿಭಾಗಗಳನ್ನು ಇಟ್ಟಿದೆ. 2020ರ ಅಕ್ಟೋಬರ್‌ನಲ್ಲಿ ನಡೆದ ಸಮಾರಂಭ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪೈವಾನ್ ಸಮುದಾಯದ ಅಬಾವ್ ತಮ್ಮ ಪೈವಾನ್ ಭಾಷೆಯಲ್ಲಿ ಹಾಡಿದ, 'ತಾಯಿನುಡಿ' ಎಂಬ ಅರ್ಥದ ಹೆಸರಿನ ಆಲ್ಬಂ ಆ ವರ್ಷ ಮೂಲನಿವಾಸಿ ವಿಭಾಗವನ್ನಷ್ಟೇ ಗೆಲ್ಲದೆ, ಎಲ್ಲ ಭಾಷೆಗಳ ನಡುವೆ ಸ್ಪರ್ಧಿಸಿ ವರ್ಷದ ಆಲ್ಬಂ ಆಯಿತು. ಅದರದೇ ಒಂದು ಗೀತೆ ವರ್ಷದ ಹಾಡಾಯಿತು. ಅಬಾವ್ ಹಿಂದೆ ದಾದಿಯಾಗಿ ಕೆಲಸ ಮಾಡಿದವರು. ಸಭೆಯಲ್ಲಿದ್ದವರಲ್ಲಿ ಬಹುಮಂದಿಗೆ ಅವರ ಹಾಡಿನ ಭಾಷೆ ಬರುತ್ತಿರಲಿಲ್ಲ.

ಪ್ರಶ್ನೆ: ಭಾಷೆ ಬಾರದವರು ಕೇಳಲು ಆರಂಭಿಸುವುದಾದರೆ ಯಾವ ಹಾಡಿನಿಂದ ಶುರು ಮಾಡಬೇಕು?

ಉತ್ತರ: ಒಂದು ಹಾಡಿನ ಬದಲು ಎರಡನ್ನು ಒಟ್ಟಿಗೆ ಕೇಳಿ. ಈಸನ್ ಚಾನ್ 2002ರಲ್ಲಿ ಕ್ಯಾಂಟನೀಸ್‌ನಲ್ಲಿ 'ಮುಂದಿನ ವರ್ಷ ಇದೇ ದಿನ' ಎಂಬ ಅರ್ಥದ ಹಾಡನ್ನೂ, 2003ರಲ್ಲಿ ಮ್ಯಾಂಡರಿನ್‌ನಲ್ಲಿ 'ಹತ್ತು ವರ್ಷ' ಎಂಬ ಅರ್ಥದ ಹಾಡನ್ನೂ ಹಾಡಿದರು. ಎರಡಕ್ಕೂ ರಾಗ ಒಂದೇ, ಚೆನ್ ಶಿಯಾವೊಶಿಯಾ ಅವರದು. ಎರಡರ ಸಾಹಿತ್ಯವೂ ಒಬ್ಬರದೇ, ಲಿನ್ ಶಿ ಎಂಬ ಕಾವ್ಯನಾಮದ ಹಾಂಗ್‌ಕಾಂಗ್ ಗೀತರಚನಕಾರರದು. ('ಲಿನ್' ಮತ್ತು 'ಶಿ' ಅಕ್ಷರಗಳನ್ನು ಒಂದರ ಮೇಲೊಂದು ಇಟ್ಟರೆ 'ಕನಸು' ಎಂಬ ಅಕ್ಷರವಾಗುತ್ತದೆ.) ಹಾಗಿದ್ದರೂ ಒಂದು ಇನ್ನೊಂದರ ಅನುವಾದವಲ್ಲ. ಅಗಲಿಕೆಯ ಬಗ್ಗೆಯೇ ಇರುವ ಎರಡು ಬೇರೆ ಕವಿತೆಗಳು ಅವು. ಸಾಹಿತ್ಯದ ಅನುವಾದವನ್ನು ಕೈಯಲ್ಲಿಟ್ಟುಕೊಂಡು ಮೊದಲು ಕ್ಯಾಂಟನೀಸ್ ಹಾಡನ್ನು ಕೇಳಿ, ಪ್ರತಿ ಪದವೂ ರಾಗದ ಮೆಟ್ಟಿಲಿಗೆ ಸರಿಯಾಗಿ ಕೂತಿರುವುದನ್ನು ಗಮನಿಸಿ. ಆಮೇಲೆ ಮ್ಯಾಂಡರಿನ್ ಹಾಡನ್ನು ಹಾಕಿಕೊಳ್ಳಿ.