ಖಾಲಿ ಸೈಟಿನಲ್ಲಿ ರಾತ್ರಿಯೆಲ್ಲ ಕೂಗುವ ಪುಟ್ಟ ಕಪ್ಪೆ ಯಾವುದು?

ಪ್ರಶ್ನೆ: ಮೊದಲ ದೊಡ್ಡ ಮಳೆಗೆ ನಮ್ಮ ಪಕ್ಕದ ಖಾಲಿ ಸೈಟಿನಲ್ಲಿ ನೀರು ನಿಂತಿದೆ. ಕತ್ತಲಾದರೆ ಸಾಕು, ಕರ್ರ್ ಕರ್ರ್ ಅಂತ ಕಿವಿ ಗಡಚಿಕ್ಕುವ ಸದ್ದು. ಟಾರ್ಚ್ ಹಿಡಿದು ನೋಡಿದರೆ ಒಂದು ಇಂಚಿನಷ್ಟೇ ಇರುವ ಕಪ್ಪೆಗಳು, ಚೂಪು ಮೂತಿ, ಬೆನ್ನ ಮೇಲೆ ಕಂದು ಚಿತ್ತಾರ. ಇವು ದೊಡ್ಡ ಕಪ್ಪೆಯ ಮರಿಗಳಾ? ಸೊಳ್ಳೆ ಆಗ್ತಾವೆ, ಸುಟ್ಟ ಆಯಿಲ್ ಸುರಿದುಬಿಡಿ ಅಂತ ಓಣಿಯವರು ಹೇಳ್ತಿದ್ದಾರೆ.
(ಓದುಗರು, ಧಾರವಾಡ)

ಉತ್ತರ: ದಯವಿಟ್ಟು ಆಯಿಲ್ ಸುರಿಯಬೇಡಿ. ಮರಿಗಳು ಕೂಗುವುದಿಲ್ಲ. ನೀವು ಕೇಳಿದ್ದು ಬೆಳೆದ ಗಂಡುಗಳ ಕೂಗು. ಇವು ಮೈಕ್ರೋಹೈಲಾ ಗುಂಪಿನ ಕಪ್ಪೆಗಳು, ಬಾಯಿ ತೀರಾ ಚಿಕ್ಕದು, ಇರುವೆ ಗೆದ್ದಲುಗಳೇ ಮುಖ್ಯ ಊಟ. ಇವುಗಳಲ್ಲಿ ಮೈಕ್ರೋಹೈಲಾ ಆರ್ನಾಟಾಗೆ ಫ್ರೆಂಚ್ ವಿಜ್ಞಾನಿಗಳು 1841ರಲ್ಲೇ ಹೆಸರಿಟ್ಟರು. ಅದನ್ನೇ ಹೋಲುವ ಬೇರೆ ಜಾತಿಗಳೂ ಇವೆ, ಬರೀ ಬಣ್ಣ ನೋಡಿ ಬೇರ್ಪಡಿಸುವುದು ಕಷ್ಟ, ಹಾಗಾಗಿ ಮೊಬೈಲಿನಲ್ಲಿ ಕೂಗು ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಇಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ಸದ್ದು ಹೇಗೆ ಅಂತೀರಾ? ಗಂಡಿನ ಗಂಟಲ ಕೆಳಗೆ ಒಂದು ಚೀಲವಿದೆ, ಕೂಗುವಾಗ ಅದು ಬಲೂನಿನಂತೆ ಉಬ್ಬುತ್ತದೆ. ಹೆಣ್ಣು ಆ ಕೂಗು ಕೇಳಿಯೇ ಬರುತ್ತಾಳೆ.

ಮೊಟ್ಟೆಗಳು ನೂರಾರು, ನೀರಿನ ಮೇಲೆ ಒಂದೇ ಪದರವಾಗಿ ತೇಲುತ್ತವೆ. ನೀವು ಸುರಿಯುವ ಆಯಿಲ್ ಕೂಡ ಅಲ್ಲೇ ಹರಡುತ್ತದೆ ಅಲ್ವಾ, ಮೊದಲ ಏಟು ಮೊಟ್ಟೆಗಳಿಗೇ. ಒಂದೆರಡು ದಿನದಲ್ಲಿ ಗೊದಮೊಟ್ಟೆಗಳು ಹೊರಬರುತ್ತವೆ. ಅವುಗಳನ್ನು ಒಮ್ಮೆ ಬಿಳಿ ಬಟ್ಟಲಿನಲ್ಲಿ ತೆಗೆದುಕೊಂಡು ನೋಡಿ: ಮೈ ಗಾಜಿನ ಹಾಗೆ, ಒಳಗಿನ ಕರುಳೂ ಕಾಣುತ್ತದೆ! ಬೇರೆ ಗೊದಮೊಟ್ಟೆಗಳ ಥರ ತಳ ಕೆರೆಯದೆ ನೀರಿನ ನಡುವೆ ಸುಮ್ನೆ ತೇಲುತ್ತಾ, ನೀರನ್ನು ಸೋಸಿ ಪಾಚಿಯ ಕಣ ತಿನ್ನುತ್ತವೆ. ಕಾಲು ಮೂಡಿ, ಬಾಲ ಕರಗಿ, ದಡ ಹತ್ತಲು ಸುಮಾರು ಒಂದು ತಿಂಗಳು ಬೇಕು. ನೋಡಿದ ಮೇಲೆ ಅದೇ ನೀರಿಗೆ ಬಿಡಿ.

ಸೊಳ್ಳೆಯ ಚಿಂತೆ ಸರಿಯೇ. ಆದರೆ ಡೆಂಗಿ ಸೊಳ್ಳೆ ಜಾಸ್ತಿ ಹುಟ್ಟುವುದು ಮನೆಯ ಬ್ಯಾರಲ್, ಹಳೇ ಟೈರು, ತೆಂಗಿನ ಚಿಪ್ಪಿನಲ್ಲಿ ನಿಂತ ನೀರಿನಲ್ಲಿ. ವಾರಕ್ಕೊಮ್ಮೆ ಅವನ್ನು ಖಾಲಿ ಮಾಡಿ, ಬ್ಯಾರಲ್ ತಿಕ್ಕಿ ತೊಳೆದು ಮುಚ್ಚಿಡಿ. ಸೈಟಿನ ಗುಂಡಿ ತುಂಬಿಸಲೇಬೇಕಾದರೆ ಮಳೆಗಾಲ ಮುಗಿದು ನೀರು ಪೂರ್ತಿ ಆರಿದ ಮೇಲೆ ತುಂಬಿಸಿ.